ತಲೆ ಎಣ್ಣೆ, ಶಾಂಪೂಗೆ ಎಸೆನ್ಶಿಯಲ್ ಆಯಿಲ್ ಎಷ್ಟು ಹಾಕಬೇಕು? ಸೆಂಟ್ ಆಯಿಲ್ ನಡೀತದೇನು?

ಸಿಂಧನೂರಿನಾಕಿ

ಎಲ್ಲರಿಗೂ ನಮಸ್ಕಾರ್ರಿ. ಸಂಘದ ಹೆಣ್ಮಕ್ಕಳು ಸೇರಿ ತಲೆ ಎಣ್ಣೆ, ಶಾಂಪೂ, ಕೂದಲಿಗೆ ಹೊಡಕೊಳ್ಳೋ ಸ್ಪ್ರೇ ಮೂರೂ ಮಾಡ್ತಿದ್ದೀವಿ. ಸದ್ಯಕ್ಕ ಮನಿ ಬಳಕಿಗಷ್ಟೇ. ಎಣ್ಣೆಗೆ ಗಾಣದ ಕೊಬ್ಬರಿ ಎಣ್ಣೆ, ಜೊತೆಗೆ ಸ್ವಲ್ಪ ಕುಸುಬಿ, ಸ್ವಲ್ಪ ಔಡಲ. ಶಾಂಪೂಗೆ ರೆಡಿ ಬೇಸ್ ತರಿಸಿ ವಾಸನೆ ಕೂಡಿಸ್ತೀವಿ. ತೊಡಕು ಬರೋದೆಲ್ಲಾ ಈ ವಾಸನೆ ಹಾಕೋ ಹಂತದಾಗ.

ಲೀಟರ್ ಎಣ್ಣೆಗೆ ಎಸೆನ್ಶಿಯಲ್ ಆಯಿಲ್ (ಗಿಡದಿಂದ ತೆಗೆದ ಗಾಢ ವಾಸನೆ ಎಣ್ಣೆ) 20 ಹನಿ ಸಾಕು ಅಂತ ಒಬ್ರು ಅಂತಾರ, 30 ಮಿ.ಲೀ. ಬಾಟಲಿ ಪೂರ್ತಿ ಸುರೀರಿ ಅಂತ ಇನ್ನೊಬ್ರು. ಯಾರ ಮಾತು ಹಿಡೀಬೇಕು? ಸ್ಪ್ರೇಗೆ ರೋಸ್ಮರಿ ಎಣ್ಣೆ ಹಾಕಿದ್ರ ನೀರಿನ ಮ್ಯಾಲೆ ತೇಲ್ತದ. ಶಾಂಪೂ ಬೇಸ್ ಗಟ್ಟಿ ಇರ್ತದ, ಮಲ್ಲಿಗೆ ಸೆಂಟ್ ಹಾಕಿದ ಮರುದಿನ ನೀರಿನಂಗ ಆಗ್ತದ. ಎಣ್ಣೆ ವಾಸನೆ ಈ ಬಿಸಿಲಾಗ ಒಂದು ತಿಂಗಳೂ ನಿಲ್ಲಂಗಿಲ್ಲ. ಇನ್ನೊಂದು, "ಶುದ್ಧ ಮಲ್ಲಿಗೆ ಎಸೆನ್ಶಿಯಲ್ ಆಯಿಲ್" ಅಂತ 15 ಮಿ.ಲೀ. ನೂರು ಚಿಲ್ಲರ ರೂಪಾಯಿಗೆ ಸಿಗ್ತದಲ್ಲ, ಅದು ಖರೇ ಮಲ್ಲಿಗೀದೇನು? ತಿಳಿದವರು ಅಳತೆ ಸಮೇತ ಹೇಳ್ರಿ.

ಬಳ್ಳಾರಿ ತಕ್ಕಡಿ

ಮೊದಲು ಹನಿ ಲೆಕ್ಕ ಬಿಟ್ಟುಬಿಡಿ ಅಕ್ಕಾ. ಲಾವಂಚದ ಎಣ್ಣೆ ದಪ್ಪ, ಹನಿ ದೊಡ್ಡದು. ಕಿತ್ತಳೆ ಎಣ್ಣೆ ತೆಳು, ಹನಿ ಸಣ್ಣದು. ಬಾಟಲಿ ಬಾಯಿ ಬದಲಾದರೂ ಹನಿ ಬದಲಾಗುತ್ತೆ. 1 ಮಿ.ಲೀ.ಗೆ ಒಂದರಲ್ಲಿ 20 ಹನಿ, ಇನ್ನೊಂದರಲ್ಲಿ 35 ಹನಿ ಬೀಳಬಹುದು. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತಗೊಳ್ಳಿ, ಎಲ್ಲವನ್ನೂ ಗ್ರಾಂನಲ್ಲೇ ತೂಗಿ. ಅಡುಗೆಮನೆ ತಕ್ಕಡಿ ಇದಕ್ಕೆ ಆಗಲ್ಲ, ಅದು 1 ಗ್ರಾಂಗಿಂತ ಕೆಳಗೆ ನೋಡಲ್ಲ.

ನಿಮಗೆ ಸಿಕ್ಕ ಎರಡು ಸಲಹೆಗಳನ್ನೂ ತೂಕಕ್ಕೆ ಹಾಕಿ ನೋಡೋಣ. ಲೀಟರ್ ಕೊಬ್ಬರಿ ಎಣ್ಣೆ ಸುಮಾರು 920 ಗ್ರಾಂ ತೂಗುತ್ತೆ. 20 ಹನಿ ಅಂದರೆ ಒಂದು ಗ್ರಾಂಗೂ ಕಡಿಮೆ, ಅಂದರೆ 0.1% ಹತ್ತಿರ, ಕೊಬ್ಬರಿ ವಾಸನೆಯಲ್ಲಿ ಅದು ಗೊತ್ತೇ ಆಗಲ್ಲ. 30 ಮಿ.ಲೀ. ಅಂದರೆ 27 ಗ್ರಾಂ, ಸುಮಾರು 3%. ರಾತ್ರಿಯಿಡೀ ನೆತ್ತಿ ಮೇಲೆ ಇರುವ ಎಣ್ಣೆಗೆ ಅದು ವಿಪರೀತ. ಹಚ್ಚಿ ಬಿಡುವ ಎಣ್ಣೆಗೆ 1% ಸಾಕು, ನೆತ್ತಿ ಸೂಕ್ಷ್ಮ ಇದ್ದವರಿಗೆ 0.5%. ತೊಳೆದುಹೋಗುವ ಶಾಂಪೂ, ಕಂಡೀಷನರ್‌ಗೂ 0.5ರಿಂದ 1%ರಲ್ಲೇ ವಾಸನೆ ಬರುತ್ತೆ. ಅಲ್ಲಿಗೆ 1%ರಂತೆ ನಿಮ್ಮ ಲೀಟರ್ ತಲೆ ಎಣ್ಣೆಗೆ 9 ಗ್ರಾಂ.

ಮೊದಲು 200 ಗ್ರಾಂ ಮಾಡಿ ನೋಡಿ: ಕೊಬ್ಬರಿ ಎಣ್ಣೆ 130, ಕುಸುಬಿ 40, ಔಡಲ 27, ವಿಟಮಿನ್ ಇ ಎಣ್ಣೆ 1, ಎಸೆನ್ಶಿಯಲ್ ಆಯಿಲ್ ಎಲ್ಲಾ ಸೇರಿ 2 ಗ್ರಾಂ. ಆ 2 ಗ್ರಾಂನಲ್ಲಿ ರೋಸ್ಮರಿ 1.2, ಲ್ಯಾವೆಂಡರ್ 0.6, ಲಾವಂಚ 0.2. ಔಡಲ ಇದಕ್ಕಿಂತ ಜಾಸ್ತಿ ಆದರೆ ಕೂದಲು ಅಂಟುತ್ತೆ, ಧೂಳು ಹಿಡಿಯುತ್ತೆ. ನಮ್ಮ ಊರಿನ ಧೂಳು ಗೊತ್ತಲ್ಲ. ಕುಸುಬಿ ಹಗುರ, ಆದರೆ ಬೇಗ ಕಮಟು ಹಿಡಿಯೋದೂ ಅದೇ, ಹಾಗಾಗಿ ಕಾಲು ಭಾಗ ದಾಟಿಸಬೇಡಿ. ವಿಟಮಿನ್ ಇ ಹಾಕೋದು ಈ ಕಮಟನ್ನು ತಡ ಮಾಡೋಕೆ ಮಾತ್ರ. ಅದು ಬೂಷ್ಟು ತಡೆಯುತ್ತೆ ಅನ್ನೋದು ಸುಳ್ಳು.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕರಗಿಸಿ, ಕೈಗೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೇ ವಾಸನೆ ಎಣ್ಣೆ ಹಾಕಿ. ಒಲೆ ಮೇಲಿನ ಎಣ್ಣೆಗೆ ಹಾಕಿದರೆ ಮನೆ ತುಂಬ ಘಮ್ ಅನ್ನುತ್ತೆ, ಬಾಟಲಿಯಲ್ಲಿ ಏನೂ ಉಳಿಯಲ್ಲ. ಪಾತ್ರೆ, ಲಾಳಿಕೆ, ಬಾಟಲಿ ಮೂರೂ ಒಣಗಿರಬೇಕು.

ಎಲ್ಲಾ ಎಣ್ಣೆಗೂ 1% ಅನ್ನೋ ಲೆಕ್ಕ ಹೊಂದಲ್ಲ. ಲವಂಗದ ಎಣ್ಣೆ 0.5% ದಾಟಬಾರದು, ಮಜ್ಜಿಗೆ ಹುಲ್ಲಿನ ಎಣ್ಣೆ 0.7%. ಚಕ್ಕೆ ತೊಗಟೆಯ ಎಣ್ಣೆ ನೆತ್ತಿಗೆ ಬೇಡವೇ ಬೇಡ, ಸುಡುತ್ತೆ. ಪೆಪ್ಪರ್‌ಮಿಂಟ್ 0.5%ಕ್ಕೇ ಸಾಕಷ್ಟು ತಣ್ಣಗನಿಸುತ್ತೆ; ಅದಕ್ಕಿಂತ ಹೆಚ್ಚಾದರೆ ಬೆವರಿನ ಜೊತೆ ಇಳಿದು ಕಣ್ಣು ಉರಿಯುತ್ತೆ. ಒತ್ತಿ ತೆಗೆದ ಸಿಟ್ರಸ್ ಎಣ್ಣೆಗಳಲ್ಲಿ ಬಿಸಿಲಿಗೆ ಪ್ರತಿಕ್ರಿಯೆ ಕೊಡುವ ಫ್ಯೂರೋಕೌಮರಿನ್‌ಗಳಿರುತ್ತವೆ. ಹಚ್ಚಿ ಬಿಡುವ ಎಣ್ಣೆಯಲ್ಲಿ ಬರ್ಗಮಾಟ್ 0.4%, ಹಸಿರು ಲೈಮ್ 0.7%, ಹಳದಿ ಲೆಮನ್ 2% ಮೇಲಿನ ಮಿತಿ. ಬೈತಲೆ, ಹಣೆ, ಕಿವಿಯ ಹಿಂದೆ ಎಣ್ಣೆ ಇಳಿದು ಏಪ್ರಿಲ್ ಬಿಸಿಲಿಗೆ ಹೋದರೆ ಚರ್ಮ ಕೆಂಪಾಗಿ, ಆಮೇಲೆ ಕಪ್ಪು ಕಲೆ ನಿಲ್ಲುತ್ತೆ. ಸಿಟ್ರಸ್ ವಾಸನೆಯೇ ಬೇಕಿದ್ದರೆ ಸಿಹಿ ಕಿತ್ತಳೆ ಹಾಕಿ, ಅದಕ್ಕೆ ಈ ತೊಂದರೆ ಇಲ್ಲ. ತೊಳೆದುಹೋಗುವ ಶಾಂಪೂಗೆ ಈ ಬಿಸಿಲಿನ ಮಿತಿ ಅನ್ವಯಿಸಲ್ಲ.

ವಾಸನೆ ತಿಂಗಳಿಗೆ ಹೋಗುತ್ತೆ ಅಂದಿರಿ. ಕಿತ್ತಳೆ, ನಿಂಬೆ, ಯೂಕಲಿಪ್ಟಸ್ ಮೊದಲು ಹಾರುವ ಜಾತಿ. ಲಾವಂಚ, ಪಚೌಲಿ, ಸೀಡರ್‌ವುಡ್ ಕೊನೆಗೆ ಹೋಗುವಂಥವು. ಒಟ್ಟು ವಾಸನೆಯಲ್ಲಿ ಹತ್ತರಲ್ಲಿ ಒಂದು ಪಾಲು ಇಂಥದ್ದು ಇದ್ದರೆ ಉಳಿದದ್ದನ್ನೂ ಸ್ವಲ್ಪ ಹಿಡಿದಿಡುತ್ತೆ. ಗಾಣದ ಕೊಬ್ಬರಿ ಎಣ್ಣೆಗೆ ತನ್ನದೇ ಜೋರು ವಾಸನೆ ಇದೆ, ಮೆತ್ತಗಿನ ಹೂವಿನ ವಾಸನೆ ಅದರ ಎದುರು ನಿಲ್ಲಲ್ಲ. ಮತ್ತೆ ಎಲ್ಲಿಡುತ್ತೀರಿ ಅನ್ನೋದೂ ಮುಖ್ಯ. ತಗಡಿನ ಮಾಳಿಗೆ ಕೆಳಗೆ, ಕಿಟಕಿ ಪಕ್ಕ ಅರ್ಧ ಖಾಲಿ ಬಾಟಲಿ ಇಟ್ಟರೆ ಮುಗೀತು. ಕಂದು ಗಾಜಿನ 50 ಅಥವಾ 100 ಮಿ.ಲೀ. ಬಾಟಲಿಗಳಿಗೆ ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿಡಿ. ಬೆರೆಸದ ಎಸೆನ್ಶಿಯಲ್ ಆಯಿಲ್ ಬಾಟಲಿಗಳನ್ನು ಫ್ರಿಜ್‌ನಲ್ಲಿಡಿ. ಟೀ ಟ್ರೀ, ಸಿಟ್ರಸ್ ಎಣ್ಣೆಗಳು ಗಾಳಿ ಸೋಕಿ ಹಳತಾದರೆ ವಾಸನೆ ಕೆಡೋದಷ್ಟೇ ಅಲ್ಲ, ಅಲರ್ಜಿ ಎಬ್ಬಿಸುವ ಗುಣ ಬರುತ್ತೆ. ಬಾಟಲಿ ಮುಚ್ಚಳ ತೆರೆದ ತಾರೀಖು ಮೇಲೆ ಬರೆದು ವರ್ಷದೊಳಗೆ ಮುಗಿಸಿ.

ಗಂಗಾವತಿ ಗಾಣ

ಮಲ್ಲಿಗಿ ವಿಷಯ ನಾ ಹೇಳ್ತೀನ್ರಿ ಅಕ್ಕಾರ. ಆ ರೇಟಿಗೆ ಖರೇ ಮಲ್ಲಿಗಿ ಎಣ್ಣಿ ಬರಾಕ ಸಾಧ್ಯನ ಇಲ್ಲ. ಮಲ್ಲಿಗಿ ಹೂವನ್ನ ರೋಸ್ಮರಿಯಂಗ ಹಬೆಯಾಗ ಭಟ್ಟಿ ಇಳಿಸಿದ್ರ ಆ ವಾಸನಿ ಬಿಸಿಗೆ ಹಾಳಾಗತೈತಿ. ದ್ರಾವಕದಾಗ ತೆಗೀತಾರ, ಅದಕ್ಕ ಆಬ್ಸಲ್ಯೂಟ್ ಅಂತಾರ, ಗ್ರಾಂ ಲೆಕ್ಕದಾಗ ಮಾರ್ತಾರ. ಸಂಪಿಗಿ, ಕೇದಗಿ ಹೆಸರಿನ ಅಗ್ಗದ ಬಾಟಲಿಗಳ ಹಣೆಬರಹನೂ ಅಷ್ಟ. ಅವು ಸೆಂಟ್ ಆಯಿಲ್, ಅಂದ್ರ ಫ್ರಾಗ್ರೆನ್ಸ್ ಆಯಿಲ್, ಕೃತಕವಾಗಿ ಕೂಡಿಸಿದ ವಾಸನಿ. ಸೆಂಟ್ ಆಯಿಲ್ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ, ಆದ್ರ ಎಸೆನ್ಶಿಯಲ್ ಅಂತ ಸುಳ್ಳು ಚೀಟಿ ಹಚ್ಚಿ ಮಾರೂ ಅಂಗಡಿಯಿಂದ ತರಬ್ಯಾಡ್ರಿ. ಲ್ಯಾವೆಂಡರ್, ಗುಲಾಬಿ, ಗಂಧ, ಕಿತ್ತಳಿ ಎಲ್ಲಾ ಒಂದ ರೇಟ್ ಇಟ್ಟಿದ್ರ ಅಲ್ಲೇ ತಿಳಕೋರಿ. ಚೀಟಿ ಮ್ಯಾಲ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಹೆಂಗ ತೆಗೆದದ್ದು, ಬ್ಯಾಚ್ ನಂಬರ್ ಇರಬೇಕು.

ಬಿಳಿ ಕಾಗದದ ಮ್ಯಾಲ ಒಂದು ಹನಿ ಬಿಟ್ಟು ಒಂದು ದಿನ ಇಡ್ರಿ. ಎಣ್ಣಿ ಕಲಿ ಉಳಿದ್ರ ಅಡಿಗಿ ಎಣ್ಣಿ ಬೆರಕಿ ಅಂತ ಲೆಕ್ಕ.

ಖರೇ ಹೂವಿನ ವಾಸನಿ ಬೇಕಂದ್ರ ಹಳೇ ದಾರಿ ಒಂದೈತಿ, ಹೊತ್ತು ಹಿಡೀತೈತಿ ಅಷ್ಟ. ಹಡಗಲಿ ಮಲ್ಲಿಗಿ ಬರೂ ಕಾಲಕ್ಕ ಮಾಡ್ರಿ. ಹೂವನ್ನ ಕೊಬ್ಬರಿ ಎಣ್ಣ್ಯಾಗ ಹಾಕಿ ಕುದಿಸಬ್ಯಾಡ್ರಿ. ಬಾಡಿದ ಸೊಪ್ಪಿನ ವಾಸನಿ ಬರತೈತಿ, ಹೂವಿನ ನೀರು ತಳಕ್ಕ ಇಳಿದು ಎಣ್ಣಿ ಹಳಸತೈತಿ. ಬಿಳಿ ಎಳ್ಳು ತೊಳದು, ಸಿಪ್ಪಿ ತೆಗೆದು, ಕಟಕಟ ಅನ್ನೂವಂಗ ಒಣಗಸ್ರಿ. ಸಂಜಿಗೆ ಬಿರಿಯೂ ಹದದ ಮೊಗ್ಗು ತಂದು, ಅಗಲ ತಾಟಿನ್ಯಾಗ ಒಂದು ಪದರು ಎಳ್ಳು, ಒಂದು ಪದರು ಹೂವು, ಮತ್ತ ಎಳ್ಳು ಹಿಂಗ ಹಾಸಿ ತೆಳ್ಳನ ಬಟ್ಟಿ ಮುಚ್ಚಿಡ್ರಿ. ಮಲ್ಲಿಗಿ ಕಿತ್ತ ಮ್ಯಾಲೂ ವಾಸನಿ ಬಿಡತಿರತೈತಿ, ರಾತ್ರಿಯೆಲ್ಲಾ ಎಳ್ಳು ಅದನ್ನ ಹೀರತೈತಿ. ಮುಂಜಾನೆ ಹೂವು ಕಂದು ತಿರುಗೂದ್ರೊಳಗ ಜರಡಿ ಹಿಡಿದು ತಗೀರಿ, ಎಳ್ಳನ್ನ ನೆರಳಾಗ ಒಂದು ತಾಸು ಆರಸ್ರಿ, ಸಂಜಿಗೆ ಹೊಸ ಹೂವು. ಎಳ್ಳಿನ ಅರ್ಧ ತೂಕದಷ್ಟು ಹೂವು ಪ್ರತಿ ಸಲ ಬೇಕು, ಐದಾರು ಸಲ ಆದ್ರೂ ಆಗಬೇಕು. ಕೈಯಾಗ ಎಳ್ಳು ತಿಕ್ಕಿದ್ರ ಮಲ್ಲಿಗಿ ಮೊದಲು, ಎಳ್ಳು ಆಮ್ಯಾಲ ಬರೂ ಹದಕ್ಕ ಗಾಣಕ್ಕ ಹಾಕ್ರಿ. ಉತ್ತರದ ಕಡೆ ಚಮೇಲಿ ಎಣ್ಣಿ ಮಾಡೂ ಹಳೇ ಕ್ರಮನೂ ಇದ. ಗಾಣ ಬಿಸಿಯಾಗಬಾರದು, ಅದಕ್ಕ ದಿನದ ಮೊದಲನೇ ಪಾಳಿ ಕೇಳಿ ಹಾಕಸ್ರಿ. ಶೇಂಗಾ ಹಾಕಿದ ಗಾಣಕ್ಕ ತೊಳೀದ ಹಾಕಿದ್ರ ಪಟ್ಟ ಶ್ರಮ ಎಲ್ಲಾ ಶೇಂಗಾ ವಾಸನಿ ಪಾಲು.

ಬಳ್ಳಾರಿ ತಕ್ಕಡಿ

ಗಾಣದ ಅಣ್ಣ ಹೇಳಿದ ಕಾಗದದ ಪರೀಕ್ಷೆಗೆ ಒಂದು ಮಿತಿ ಇದೆ. ಅಡುಗೆ ಎಣ್ಣೆ ಬೆರಕೆಯನ್ನು ಹಿಡಿಯುತ್ತೆ, ಕೃತಕ ಸುಗಂಧದ ಬೆರಕೆಯನ್ನು ಹಿಡಿಯಲ್ಲ. ಲ್ಯಾವೆಂಡರ್ ವಾಸನೆಯ ಮುಖ್ಯ ಅಂಶವಾದ ಲಿನಲೂಲ್ ಕೃತಕವಾಗಿ ಮಾಡಿದ್ದರೂ ಕಲೆ ಇಲ್ಲದೆ ಹಾರಿಹೋಗುತ್ತೆ. ಅತ್ತ ಅಪ್ಪಟ ಲಾವಂಚ, ಪಚೌಲಿ ಕಲೆ ಬಿಡುತ್ತವೆ, ಅದನ್ನು ನೋಡಿ ನಕಲಿ ಅಂತ ಎಸೆಯಬೇಡಿ.

ಸೆಂಟ್ ಆಯಿಲ್ ಹಾಕಬಹುದಾ ಅಂದರೆ, ಹಾಕಬಹುದು. ಮಾರುವವರ ಹತ್ತಿರ ಇಫ್ರಾ ಸರ್ಟಿಫಿಕೇಟ್ ಕೇಳಿ. ಅಂತರರಾಷ್ಟ್ರೀಯ ಸುಗಂಧ ಸಂಸ್ಥೆಯ ಮಾನದಂಡದ ಪ್ರಕಾರ ಯಾವ ವಸ್ತುವಿಗೆ ಗರಿಷ್ಠ ಎಷ್ಟು ಪರ್ಸೆಂಟ್ ಅಂತ ಅದರಲ್ಲಿ ಪಟ್ಟಿ ಇರುತ್ತೆ. ಶಾಂಪೂ, ಕಂಡೀಷನರ್‌ಗೆ 9ನೇ ವರ್ಗದ ಸಾಲು ನೋಡಿ. ಕೂದಲಿಗೆ ಹಚ್ಚಿ ಬಿಡುವುದಕ್ಕೆ 7ಬಿ. 12ನೇ ವರ್ಗ ಕ್ಯಾಂಡಲ್‌ನಂಥ ಮೈಗೆ ಸೋಕದ ವಸ್ತುಗಳದು, ಅಲ್ಲಿ 100% ಅಂತ ಇರುತ್ತೆ. ಅಂಗಡಿಯವರು ಆ ಸಾಲು ತೋರಿಸಿ "ಎಷ್ಟು ಬೇಕಾದರೂ ಹಾಕಿ" ಅಂದರೆ ನಂಬಬೇಡಿ. ಗರಿಷ್ಠ 4% ಅಂತ ಇದ್ದ ಮಾತ್ರಕ್ಕೆ 4% ಹಾಕಬೇಕಂತಲೂ ಇಲ್ಲ, 0.5% ಸಾಕು. ಕ್ಯಾಂಡಲ್‌ಗೆ, ಊದುಬತ್ತಿಗೆ ಅಂತಲೇ ಮಾರುವ ಬಾಟಲಿ, ಸರ್ಟಿಫಿಕೇಟ್ ಇಲ್ಲದ ಅತ್ತರ್ ತಲೆಗೆ ಬೇಡ.

ರಾಯಚೂರು ಬೀಕರ್

ಶಾಂಪೂ ಯಾಕೆ ನೀರಾಗ್ತದ ಅಂದ್ರೆ, ರೆಡಿ ಬೇಸ್‌ಗಳು ಬಹುತೇಕ ಉಪ್ಪಿನ ಬಲದ ಮೇಲೆ ಗಟ್ಟಿ ನಿಂತಿರ್ತವೆ. ನೊರೆ ಕೊಡೋ ಕಣಗಳು ಉಪ್ಪಿನಿಂದ ಉದ್ದುದ್ದ ಎಳೆಯಾಗಿ ಹೆಣೆದುಕೊಂಡಿರ್ತವೆ. ಸೆಂಟ್ ಆಯಿಲ್ ಒಳಗೆ ಹೋಗಿ ಆ ಎಳೆಗಳನ್ನು ತುಂಡು ಮಾಡ್ತದ. ಅದರಲ್ಲಿ ಡಿಪಿಜಿ (ಸೆಂಟ್ ತೆಳು ಮಾಡೋಕೆ ಹಾಕೋ ಡೈಪ್ರೊಪಿಲೀನ್ ಗ್ಲೈಕಾಲ್) ದ್ರಾವಕ, ವೆನಿಲ್ಲಾ ಅಂಶ ಜಾಸ್ತಿ ಇದ್ದಷ್ಟೂ ಜಾಸ್ತಿ ನೀರಾಗ್ತದ. ಪೂರ್ತಿ ಡಬ್ಬಿಗೆ ಸುರಿಯೋ ಮೊದಲು ನಾಲ್ಕು ಲೋಟದಲ್ಲಿ ತಲಾ 100 ಗ್ರಾಂ ಬೇಸ್ ತಗೊಳ್ರಿ. ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ 0.3, 0.5, 0.8 ಗ್ರಾಂ ಸೆಂಟ್ ಹಾಕಿ ನಿಧಾನ ತಿರುವಿ ಮುಚ್ಚಿಡ್ರಿ. ಮರುದಿನ ಸುರಿದು ನೋಡ್ರಿ. ಹಾಕಿದ ಕೂಡಲೇ ನೋಡಿದ್ರೆ ಗಾಳಿಗುಳ್ಳೆಯಿಂದ ಗಟ್ಟಿ ಇದ್ದಂಗ ಕಾಣ್ತದ.

ನೀರಾದದ್ದಕ್ಕೆ ಉಪ್ಪು ಸುರಿಯೋ ಅವಸರ ಬೇಡ. ಉಪ್ಪು ಒಂದು ಹಂತದವರೆಗೆ ಗಟ್ಟಿ ಮಾಡ್ತದ, ಅದನ್ನು ದಾಟಿದ್ರೆ ತಾನೇ ತೆಳ್ಳಗೆ ಮಾಡ್ತದ. ಅಯೋಡಿನ್ ಇಲ್ಲದ ಉಪ್ಪು 25 ಗ್ರಾಂ, ನೀರು 75 ಗ್ರಾಂ ಕರಗಿಸಿ ಇಟ್ಕೊಳ್ರಿ. 100 ಗ್ರಾಂ ಶಾಂಪೂಗೆ ಈ ಉಪ್ಪುನೀರು 1 ಗ್ರಾಂ ಹಾಕಿ ತಿರುವ್ರಿ. ಗಟ್ಟಿ ಆದ್ರೆ ಇನ್ನೂ 1 ಗ್ರಾಂ. ಮೊದಲ ಗ್ರಾಂಗೇ ಮತ್ತಷ್ಟು ತೆಳ್ಳಗಾದ್ರೆ ಬೇಸ್‌ನಲ್ಲಿ ಉಪ್ಪು ಆಗಲೇ ಮೇಲಾಗಿದೆ ಅಂತ ಅರ್ಥ. ಆಗ ಉಪ್ಪಿಲ್ಲದ ಬೇಸ್ ಸ್ವಲ್ಪ ಕೂಡಿಸಬೇಕು ಇಲ್ಲಾ ಸೆಂಟ್ ಕಡಿಮೆ ಮಾಡಬೇಕು. ಬೇಸ್ ತೆಳು ಮಾಡೋಕೆ ಬೋರ್ ನೀರು ಹಾಕ್ತಿದ್ರೆ ನಿಲ್ಲಿಸ್ರಿ. ಅದರ ಲವಣಗಳೂ ಈ ಲೆಕ್ಕ ಕೆಡಿಸ್ತವೆ, ಒಂದು ಬ್ಯಾಚ್ ಇದ್ದಂಗ ಇನ್ನೊಂದು ಬರಲ್ಲ.

ಸ್ಪ್ರೇ ವಿಷಯಕ್ಕೆ ಬರೋಣ. ಎಣ್ಣೆ ನೀರಲ್ಲಿ ಕರಗಲ್ಲ, ಎಷ್ಟು ಕುಲುಕಿದ್ರೂ ಅಷ್ಟೇ. ತೇಲೋ ಎಣ್ಣೆ ಒಂದೇ ಜಾಗಕ್ಕೆ ಹಸಿಹಸಿ ಬಿದ್ದು ನೆತ್ತಿ ಉರೀತದ. ಎಣ್ಣೆಯನ್ನು ನೀರಲ್ಲಿ ಬೆರೆಸೋ ಪಾಲಿಸಾರ್ಬೇಟ್ 20 ಅನ್ನೋ ಪದಾರ್ಥ ಬೇಕು (20 ಅದರ ಹೆಸರಿನ ಭಾಗ, ಅಳತೆಯಲ್ಲ). 100 ಗ್ರಾಂ ಸ್ಪ್ರೇಗೆ: ಡಿಸ್ಟಿಲ್ಡ್ ವಾಟರ್ 94, ಗ್ಲಿಸರಿನ್ 2, ಪಾಲಿಸಾರ್ಬೇಟ್ 2.5, ರೋಸ್ಮರಿ ಎಣ್ಣೆ 0.5, ಫಿನಾಕ್ಸಿಎಥನಾಲ್ ಇರೋ ಪ್ರಿಸರ್ವೇಟಿವ್ (ಕೆಡದಂಗ ಕಾಯೋ ಪದಾರ್ಥ) 1. ಒಣಗಿದ ಗಾಜಿನ ಲೋಟದಲ್ಲಿ ಮೊದಲು ಎಣ್ಣೆ ಮತ್ತು ಪಾಲಿಸಾರ್ಬೇಟ್ ಎರಡೇ ಸೇರಿಸಿ ಚೆನ್ನಾಗಿ ತಿರುವ್ರಿ. ಆಮೇಲೆ ನೀರನ್ನು ಚಮಚ ಚಮಚವಾಗಿ. ಈ ಕ್ರಮ ತಿರುಗುಮುರುಗಾದ್ರೆ ಹಾಲಿನ ಬಣ್ಣ ಬರ್ತದ, ಮತ್ತೆ ತಿಳಿಯಾಗಲ್ಲ. ಕ್ರಮ ಸರಿ ಇದ್ದೂ ಮಬ್ಬಾಗಿದ್ರೆ ಮುಂದಿನ ಸಲ ಪಾಲಿಸಾರ್ಬೇಟ್ 4ಕ್ಕೆ ಏರಿಸಿ ನೀರು ಅಷ್ಟೇ ಇಳಿಸ್ರಿ. ಲಾವಂಚದಂಥ ದಪ್ಪ ಎಣ್ಣೆಗೆ ಜಾಸ್ತಿ ಬೇಕಾಗ್ತದ.

ಪ್ರಿಸರ್ವೇಟಿವ್ ಬಿಡೋ ಹಾಗಿಲ್ಲ. 0.5% ರೋಸ್ಮರಿ ಎಣ್ಣೆ ಬ್ಯಾಕ್ಟೀರಿಯಾ ತಡೀತದ ಅಂತ ನಂಬಬೇಡ್ರಿ. ನೀರು ಇರೋ ಯಾವುದೇ ಸ್ಪ್ರೇ ಪ್ರಿಸರ್ವೇಟಿವ್ ಇಲ್ಲದೆ ಈ ಸೆಕೆಗೆ ಎರಡು ಮೂರು ದಿನದಲ್ಲಿ ಕೆಡಬಹುದು, ಕಣ್ಣಿಗೆ ಕಾಣದೇನೂ ಇರಬಹುದು. ಬ್ಯಾಟರಿಗೆ ಹಾಕೋ ನೀರು ತರಬೇಡ್ರಿ, ಅದು ಮೈಗೆ ಹಚ್ಚೋಕೆ ಮಾಡಿದ್ದಲ್ಲ. ಅಂಟುವಾಳ, ಸೀಗೆಕಾಯಿ ನೆನೆಸಿದ ನೀರಿಗೂ ಇದೇ ಮಾತು: ಅವತ್ತಿಗೆ ಬೇಕಾದಷ್ಟೇ ಮಾಡ್ರಿ.

ಸಿಂಧನೂರಿನಾಕಿ

ಬಾಳ ಉಪಕಾರ ಆತ್ರಿ ಎಲ್ಲರದೂ. ತಕ್ಕಡಿ ತರಿಸ್ತೀವಿ. ಇನ್ನೊಂದಿಷ್ಟು ಕೇಳೋದದ. ತಲೆಹೊಟ್ಟಿಗೆ ಕೊಬ್ಬರಿ ಎಣ್ಣ್ಯಾಗ ಕರ್ಪೂರ ಕರಗಿಸಿ ಹಚ್ಚೋ ರೂಢಿ ನಮ್ಮ ಕಡೆ ಎಲ್ಲಾ ಮನ್ಯಾಗೂ ಅದ, ಸಣ್ಣ ಮಕ್ಕಳಿಗೂ ಹಚ್ತಾರ. ಅದು ಸರೀನೋ? ರೋಸ್ಮರಿ, ಟೀ ಟ್ರೀ ಖರೇನೇ ಕೆಲಸ ಮಾಡ್ತಾವೋ? ಮುಂದ ಸಂತ್ಯಾಗ ಮಾರಬೇಕಂದ್ರ ಏನು ಮಾಡಬೇಕು?

ರಾಯಚೂರು ಬೀಕರ್

ಮಕ್ಕಳಿಗೆ ಕರ್ಪೂರ ಬೇಡ್ರಿ ಅಕ್ಕಾರೆ, ಇದರಲ್ಲಿ ರಾಜಿ ಇಲ್ಲ. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದ್ರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಚರ್ಮದಿಂದಲೂ ಒಳಗೆ ಇಳೀತದ. ಆ ಎಣ್ಣೆ ಬಾಟಲಿ ಕೈಗೆ ಸಿಗೋ ಗೂಡಲ್ಲಿ ಇರೋದೇ ಅಪಾಯ. ಯೂಕಲಿಪ್ಟಸ್ ಎಣ್ಣೆನೂ ಹಾಗೇ ಎತ್ತರಕ್ಕಿಡ್ರಿ. ಮೂರು ವರ್ಷದೊಳಗಿನ ಕೂಸುಗಳಿಗೆ ಪೆಪ್ಪರ್‌ಮಿಂಟ್ ಸೇರಿ ಯಾವ ವಾಸನೆ ಎಣ್ಣೆಯೂ ಬೇಡ, ಬರೀ ಕೊಬ್ಬರಿ ಎಣ್ಣೆ ಸಾಕು. ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಹಚ್ಚಲಿ.

ಇನ್ನು ಹೊಟ್ಟಿಗೆ ಎಣ್ಣೆ ಹಚ್ಚಿ ರಾತ್ರಿಯೆಲ್ಲಾ ಬಿಡೋದು ಉಲ್ಟಾ ಕೆಲಸ. ಹೊಟ್ಟಿಗೆ ಕಾರಣವಾಗೋ ಮಲಸೀಜಿಯಾ ಅನ್ನೋ ಶಿಲೀಂಧ್ರ ಎಣ್ಣೆಯ ಕೊಬ್ಬಿನಾಂಶ ತಿಂದೇ ಬದುಕ್ತದ. ಟೀ ಟ್ರೀ ಹಾಕೋದಾದ್ರೆ ಶಾಂಪೂಗೆ ಹಾಕ್ರಿ. 2002ರಲ್ಲಿ 126 ಜನರ ಮೇಲೆ ನಡೆದ ಪ್ರಯೋಗದಲ್ಲಿ 5% ಟೀ ಟ್ರೀ ಶಾಂಪೂ ನಾಲ್ಕು ವಾರ ಬಳಸಿದವರಲ್ಲಿ ಹೊಟ್ಟು 41% ಇಳೀತು, ಬರೀ ಶಾಂಪೂನಲ್ಲಿ 11%. ಆದ್ರೆ 5% ಅಂದ್ರೆ ಮನೆಯಲ್ಲಿ ಮಾಡೋಕೆ ಜಾಸ್ತಿನೇ, ಕೆಲವರಿಗೆ ತುರಿಕೆ ಏಳ್ತದ. 1%ರಿಂದ ಶುರು ಮಾಡಿ ನೆತ್ತಿ ಮೇಲೆ ಮೂರು ನಿಮಿಷ ಬಿಟ್ಟು ತೊಳೀರಿ. ಗಟ್ಟಿ ಹೊಟ್ಟಿಗೆ ಮೆಡಿಕಲ್ ಶಾಪಿನ ಕೀಟೋಕೊನಜೋಲ್ 2% ಶಾಂಪೂನೇ ಭರವಸೆಯದ್ದು.

ರೋಸ್ಮರಿಗೆ ಎಲ್ಲರೂ ಹೇಳೋದು 2015ರ ಒಂದು ಪ್ರಯೋಗದ ಕತೆ. ವಂಶಪಾರಂಪರ್ಯವಾಗಿ ಕೂದಲು ಉದುರೋ 100 ಜನರಲ್ಲಿ ಅರ್ಧ ಜನಕ್ಕೆ ರೋಸ್ಮರಿ, ಅರ್ಧ ಜನಕ್ಕೆ 2% ಮಿನಾಕ್ಸಿಡಿಲ್ (ಕೂದಲು ಉದುರೋದಕ್ಕೆ ಹಚ್ಚೋ ಮದ್ದು) ಕೊಟ್ರು. ಮೂರು ತಿಂಗಳಿಗೆ ಎರಡರಲ್ಲೂ ಹೇಳಿಕೊಳ್ಳೋ ಫರಕು ಇರಲಿಲ್ಲ, ಆರು ತಿಂಗಳಿಗೆ ಎರಡರಲ್ಲೂ ಕೂದಲ ಎಣಿಕೆ ಹೆಚ್ಚಾಯ್ತು. ಏನೂ ಮದ್ದಿಲ್ಲದ ಮೂರನೇ ಗುಂಪು ಅದರಲ್ಲಿ ಇರಲಿಲ್ಲ. ಹಾಗಾಗಿ ಹದಿನೈದು ದಿನಕ್ಕೆ ಕೂದಲು ಬರ್ತದ ಅನ್ನೋರ ಮಾತು ಬಿಟ್ಟುಬಿಡ್ರಿ. ರಕ್ತ ಕಡಿಮೆ, ಥೈರಾಯ್ಡ್, ಬಾಣಂತಿತನದಿಂದ ಉದುರೋ ಕೂದಲಿಗೆ ರೋಸ್ಮರಿ ಮದ್ದಲ್ಲ.

ಯಾವುದೇ ಹೊಸ ಬ್ಯಾಚ್ ಮಾಡಿದ ಮೇಲೆ, ಮಾಡಿದ ರೂಪದಲ್ಲೇ ಮೊಣಕೈ ಮಡಿಚೋ ಜಾಗಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ನೋಡ್ರಿ. ಬೆರೆಸದ ಎಣ್ಣೆ ಹಚ್ಚಿ ಪರೀಕ್ಷೆ ಮಾಡಬಾರದು. ಚುರುಚುರು ಅಂದ್ರೆ "ಕೆಲಸ ಮಾಡ್ತಿದೆ" ಅಂತ ತಡ್ಕೊಳ್ಳೋರು ಇದ್ದಾರೆ; ಅದು ಚರ್ಮ ಬೇಡ ಅನ್ನೋ ಲಕ್ಷಣ, ತೊಳೆದು ಬಿಡಬೇಕು.

ಬಳ್ಳಾರಿ ತಕ್ಕಡಿ

ಮಾರಾಟದ ಪ್ರಶ್ನೆಗೆ: ತಲೆ ಎಣ್ಣೆ, ಶಾಂಪೂ ಮಾಡಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕು, ಸಂತೆಯಲ್ಲಿ ಮಾರಿದರೂ ಅಷ್ಟೇ. ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಪಡೆಯಬೇಕು. ಆಹಾರದ ಲೈಸೆನ್ಸ್ ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಬಾಟಲಿ ಮೇಲೆ ಒಳಗಿನ ಪದಾರ್ಥಗಳು, ಬ್ಯಾಚ್ ನಂಬರ್, ಮಾಡಿದ ತಿಂಗಳು, ಎಲ್ಲಿವರೆಗೆ ಬಳಸಬಹುದು, ತಯಾರಿಸಿದವರ ವಿಳಾಸ ಇರಬೇಕು. "ಕೂದಲು ಬೆಳೆಸುತ್ತದೆ", "ಹೊಟ್ಟು ಗುಣಪಡಿಸುತ್ತದೆ" ಅಂತ ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗಿ ಬೇರೆಯೇ ಪೇಚು ಶುರುವಾಗುತ್ತೆ.

ಅಲ್ಲಿವರೆಗೆ ಒಂದು ನೋಟ್‌ಬುಕ್ ಇಟ್ಟು ಪ್ರತಿ ಬ್ಯಾಚಿನ ತೂಕ, ಯಾವ ಬಾಟಲಿಯ ಎಣ್ಣೆ, ತಾರೀಖು ಬರೆದಿಡಿ. ಪ್ರತಿ ಬ್ಯಾಚಿನಿಂದ 50 ಗ್ರಾಂ ತೆಗೆದು ಪಕ್ಕಕ್ಕಿಡಿ. ಯಾರಿಗಾದರೂ ತುರಿಕೆ ಬಂತು ಅಂದಾಗ ಯಾವ ಎಣ್ಣೆಯಿಂದ ಅಂತ ಹುಡುಕೋಕೆ ಅದೊಂದೇ ದಾರಿ.

ಗಂಗಾವತಿ ಗಾಣ

ಸೀಗೆಕಾಯಿ ಪುಡಿಗೂ ವಾಸನಿ ಹಾಕಬೌದ್ರಿ, ಅದನ್ನ ಯಾರೂ ಹೇಳಲಿಲ್ಲ. 100 ಗ್ರಾಂ ಪುಡಿಗೆ ಅರ್ಧ ಗ್ರಾಂ. ಮೊದಲು ಎರಡು ಚಮಚ ಪುಡಿಯಾಗ ಎಣ್ಣಿ ಹಾಕಿ ಬೆರಳಿಂದ ತಿಕ್ಕಿ ಗಂಟು ಒಡೀರಿ, ಆಮ್ಯಾಲ ಉಳಿದ ಪುಡಿಗೆ ಕೂಡಿಸಿ ಎರಡು ಸಲ ಜರಡಿ ಹಿಡೀರಿ. ನೇರ ಪೂರ್ತಿ ಪುಡಿಗೆ ಹನಿ ಬಿಟ್ರ ಉಂಡಿ ಉಂಡಿ ಆಗಿ ಒಂದು ಕಡೆ ಘಾಟು, ಒಂದು ಕಡೆ ಬರೀ ಸೀಗೆಕಾಯಿ. ಗಾಜಿನ ಭರಣ್ಯಾಗ ತುಂಬಿಡ್ರಿ. ತೆಳ್ಳನ ಪ್ಲಾಸ್ಟಿಕ್ ಚೀಲದಾಗ ಕಟ್ಟಿಟ್ರ ವಾಸನಿ ಚೀಲದಾಗಿಂದ ಪಾರಾಗಿ ಪಕ್ಕದ ಜ್ವಾಳದ ಹಿಟ್ಟಿಗೆ ಹತ್ತತೈತಿ.